ಏಡಿಯ ಕಾಲು ಎಣಿಸಿದ ಮೇಲೆ: ಕಾರವಾರ ಕೊಲ್ಲಿಯ ದಂಡೆಯಲ್ಲಿ ಎರಡು ದಿನದ ಚಿತ್ರ ಶಿಬಿರ

ಜನವರಿಯ ಮೊದಲ ಶನಿವಾರ, ಬನದ ಹುಣ್ಣಿಮೆಯ ಮಧ್ಯಾಹ್ನ ನಾಲ್ಕು ಗಂಟೆಗೆ, ಕಾರವಾರದ ಕೋಡಿಬಾಗದಲ್ಲಿರುವ ಒಂದು ಹಂಚಿನ ಮನೆಯ ಜಗಲಿಯ ಮೇಲೆ ನಾವು ಹದಿನಾಲ್ಕು ಮಂದಿ ಕುಳಿತಿದ್ದೆವು. ಶಿಬಿರ ನಡೆಸುವ ಹೆಣ್ಣುಮಗಳು ಪ್ರತಿಯೊಬ್ಬರ ಕೈಗೂ ಒಂದು ಬಿಳಿ ಹಾಳೆ ಮತ್ತು ಒಂದು ಪೆನ್ಸಿಲ್ ಕೊಟ್ಟು, "ಏಡಿಯನ್ನು ನೆನಪಿನಿಂದ ಬಿಡಿಸಿ, ಐದು ನಿಮಿಷ ಸಾಕು" ಎಂದರು. ಐದು ನಿಮಿಷವಾದ ಮೇಲೆ ಹಾಳೆಗಳನ್ನೆಲ್ಲ ಒಟ್ಟುಮಾಡಿ, ಯಾವುದನ್ನೂ ತಿರುಗಿಸಿ ನೋಡದೆ, ಒಂದು ತಗಡಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರು. ಅದರ ಬಗ್ಗೆ ಒಂದು ಮಾತನ್ನೂ ಆಡದೆ, ಚಪ್ಪಲಿ ಹಾಕಿಕೊಂಡು ದಂಡೆಗೆ ಹೊರಡೋಣ ಎಂದರು.

ನಾನು ಹುಬ್ಬಳ್ಳಿಯ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಚಿತ್ರಕಲೆ ಕಲಿಸುತ್ತಿದ್ದೇನೆ. ಪರಿಸರ ದಿನಾಚರಣೆ ಬಂದಾಗಲೆಲ್ಲ ಮಕ್ಕಳಿಂದ ಸಮುದ್ರದ ಚಿತ್ರ ಬರೆಸುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಪ್ರತಿ ಸಲವೂ ಅದೇ ನೀಲಿ ಬಣ್ಣ, ಅದೇ ನಗುವ ಮೀನು, ಮೂಲೆಯಲ್ಲಿ ಅದೇ ಐದು ತುದಿಯ ನಕ್ಷತ್ರಮೀನು. ಬಹುಮಾನ ಪಡೆದ ಮಗುವಿಗೂ ಅರಬ್ಬೀ ಸಮುದ್ರದ ಒಂದೇ ಒಂದು ಜೀವಿಯ ಪರಿಚಯ ಅದರಿಂದ ಆಗಿರುವುದಿಲ್ಲ. ಎರಡು ವರ್ಷದ ಹಿಂದೆ ಬೇರೊಂದು ಊರಿನ ಕಡಲತೀರದಲ್ಲಿ "ಕಲೆ ಮತ್ತು ಕಡಲು" ಎಂಬಂಥ ಕಾರ್ಯಕ್ರಮಕ್ಕೆ ದುಡ್ಡು ಕೊಟ್ಟು ಹೋಗಿದ್ದೆ. ಅಲ್ಲಿ ಒಂದು ಗಂಟೆ ಪರದೆಯ ಮೇಲೆ ಉಪನ್ಯಾಸ ಕೇಳಿಸಿ, ನಂತರ ಮೊದಲೇ ಅಚ್ಚಾದ ಆಮೆಯ ಗೆರೆಚಿತ್ರ ಕೊಟ್ಟು ಬಣ್ಣ ತುಂಬಿಸಿ ಕಳಿಸಿದರು. ಕಲೆ ಅಲ್ಲಿ ಪಾಠ ಮುಗಿದ ಮೇಲಿನ ಮನರಂಜನೆಯಾಗಿತ್ತು. ಕಾರವಾರದ ಈ ಶಿಬಿರಕ್ಕೆ ಹೆಂಡತಿ ಮತ್ತು ಹನ್ನೊಂದು ವರ್ಷದ ಮಗಳೊಡನೆ ಹೊರಟಾಗ ಆ ನೆನಪು ಮನಸ್ಸಿನಲ್ಲಿತ್ತು. ಆದ್ದರಿಂದ ಇಲ್ಲಿ ಏನು ಬೇರೆಯಾಗಿತ್ತು ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ವ್ಯವಹಾರದ ಮಾತು. ಇದನ್ನು ನಡೆಸುವವರು ಗಂಡ ಹೆಂಡತಿ. ಆಕೆ ಕರ್ನಾಟಕ ವಿಶ್ವವಿದ್ಯಾಲಯದ ಕಾರವಾರದ ಕಡಲಜೀವಶಾಸ್ತ್ರ ವಿಭಾಗದಲ್ಲಿ ಓದಿದವರು, ಆತ ಧಾರವಾಡದಲ್ಲಿ ಚಿತ್ರಕಲೆ ಕಲಿತವರು. ಮನೆಗೆ ಬೋರ್ಡಿಲ್ಲ. ಒಂದು ಸಲಕ್ಕೆ ಹದಿನಾಲ್ಕಕ್ಕಿಂತ ಹೆಚ್ಚು ಜನರನ್ನು ಅವರು ಬಂಡೆಗಳ ಮೇಲೆ ಕರೆದೊಯ್ಯುವುದಿಲ್ಲ, ಹೆಚ್ಚು ಕಾಲುಗಳು ಹೆಚ್ಚು ಜೀವಗಳನ್ನು ತುಳಿಯುತ್ತವೆ ಎಂಬುದು ಅವರ ನಿಲುವು. ಅದೇ ಕಾರಣಕ್ಕೆ ಹೆಸರು ಮತ್ತು ಫೋನ್ ನಂಬರನ್ನು ಎಲ್ಲರೂ ನೋಡುವಲ್ಲಿ ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ, ನಾನು ಆ ಮಾತಿಗೆ ಬದ್ಧನಾಗಿದ್ದೇನೆ. ದೊಡ್ಡವರಿಗೆ 1,800 ರೂಪಾಯಿ, ಮಕ್ಕಳಿಗೆ 900. ಕಾಗದ, ಬಣ್ಣ, ಎರಡು ಊಟ, ಚಹಾ ಇದರಲ್ಲೇ ಸೇರಿವೆ, ಉಳಿದುಕೊಳ್ಳುವ ವ್ಯವಸ್ಥೆ ನಮ್ಮದು. ಸ್ಥಳೀಯ ಸರಕಾರಿ ಶಾಲೆಯ ಮಕ್ಕಳಿಗೆ ವಾರದ ನಡುವೆ ಇದೇ ಪಾಠವನ್ನು ಪುಕ್ಕಟೆಯಾಗಿ ಮಾಡುತ್ತಾರೆ, ಹೊರಗಿನಿಂದ ಬರುವ ನಮ್ಮಂಥವರ ಶುಲ್ಕದಿಂದ ಅದರ ಖರ್ಚು ನಡೆಯುತ್ತದೆ. ಈ ಲೆಕ್ಕವನ್ನು ಅವರು ಮೊದಲೇ ಬಿಚ್ಚಿ ಹೇಳಿದ್ದರಿಂದ ದುಡ್ಡು ಕೊಡುವಾಗ ನಮಗೆ ಹೆಚ್ಚೆನಿಸಲಿಲ್ಲ.

ಶನಿವಾರ ಸಂಜೆಯ ನಡಿಗೆ ಮರಳಿನ ದಂಡೆಯ ಮೇಲೆ. ಸಮುದ್ರ ಹಿಂದೆ ಸರಿಯುತ್ತಿತ್ತು, ಒದ್ದೆ ಮರಳು ಕನ್ನಡಿಯಂತೆ ಹೊಳೆಯುತ್ತಿತ್ತು. ಅಲ್ಲಲ್ಲಿ ಕಡಲೆ ಕಾಳಿಗಿಂತ ಚಿಕ್ಕದಾದ ಮರಳಿನ ಗುಂಡುಗಳು ಒಂದು ತೂತಿನ ಸುತ್ತ ಸಾಲುಸಾಲಾಗಿ, ಸೂರ್ಯನ ಕಿರಣಗಳಂತೆ ಹರಡಿದ್ದವು. ನಾನು ಹತ್ತಾರು ಸಲ ಕಡಲತೀರಕ್ಕೆ ಹೋದವನು, ಹತ್ತಾರು ಸಲ ಇವುಗಳ ಮೇಲೆ ನಡೆದವನು. ಯಾರ ಕೆಲಸ ಇದು ಎಂದು ಒಮ್ಮೆಯೂ ಕೇಳಿರಲಿಲ್ಲ. "ಇಲ್ಲಿ ಮಂಡಿಯೂರಿ ಕೂತು, ಅಲ್ಲಾಡದೆ ಹತ್ತು ನಿಮಿಷ ನೋಡಿ. ನೆರಳು ತೂತಿನ ಮೇಲೆ ಬೀಳಬಾರದು" ಎಂದರು. ಮೂರು ನಿಮಿಷವಾದ ಮೇಲೆ ಮರಳಿನ ಬಣ್ಣದ್ದೇ ಆದ, ಬೆರಳಿನ ಉಗುರಿನಷ್ಟಿದ್ದ ಏಡಿಯೊಂದು ಹೊರಗೆ ಬಂತು. ಎರಡೂ ಚಿಮಟಿಗಳಿಂದ ಮರಳನ್ನು ಎತ್ತಿ ಬಾಯಿಗೆ ತುಂಬಿಕೊಂಡು, ಅದಕ್ಕೆ ಅಂಟಿದ್ದ ತಿನ್ನಬಹುದಾದ ಅಂಶವನ್ನಷ್ಟೇ ಹೀರಿ, ತೊಳೆದ ಮರಳನ್ನು ಗುಂಡು ಮಾಡಿ ಹಿಂದಕ್ಕೆ ಎಸೆಯುತ್ತ ಅದು ತೂತಿನಿಂದ ಹೊರಕ್ಕೆ ನೇರ ಸಾಲಿನಲ್ಲಿ ಸಾಗಿತು. ಸಾಲು ಮುಗಿದಾಗ ತೂತಿಗೆ ಮರಳಿ ಬಂದು ಪಕ್ಕದಲ್ಲೇ ಇನ್ನೊಂದು ಸಾಲು ಹಿಡಿಯಿತು. ನನ್ನ ಮಗಳು ಪಿಸುಗುಟ್ಟಿದಳು: "ಅಪ್ಪಾ, ಅಜ್ಜಿ ರಂಗೋಲಿ ಚುಕ್ಕಿ ಇಟ್ಟಂಗೆ ಇಡ್ತದ." ಉಬ್ಬರ ಬಂದಾಗ ಈ ರಂಗೋಲಿಯೆಲ್ಲ ಅಳಿಸಿಹೋಗುತ್ತದೆ, ನೀರು ಇಳಿದಾಗ ಏಡಿ ಮತ್ತೆ ಹೊಸದಾಗಿ ಶುರುಮಾಡುತ್ತದೆ. ಆ ಸಾಲುಗಳನ್ನು ಹಾಳೆಯ ಮೇಲೆ ಇಳಿಸುವುದೇ ನಮ್ಮ ಮೊದಲ ಕೆಲಸವಾಗಿತ್ತು. ಏಡಿಯನ್ನು ಇನ್ನೂ ಬಿಡಿಸಬಾರದು, ಅದರ ಕೆಲಸವನ್ನು ಮಾತ್ರ ಬಿಡಿಸಬೇಕು. ಇಪ್ಪತ್ತೆರಡು ವರ್ಷ ಪಾಠ ಮಾಡಿದ ನನಗೆ ಈ ಕ್ರಮ ಬಹಳ ಹಿಡಿಸಿತು.

ಅಲ್ಲಿಂದ ಮುಂದೆ ಚಿಪ್ಪುಗಳ ಸರದಿ. ಮಗಳು ಹೆಕ್ಕಿದ ತಿಸ್ರ್ಯೊ ಎಂಬ ಜೋಡಿಚಿಪ್ಪಿನ ಜೀವಿಯ ಒಂದು ಚಿಪ್ಪಿನಲ್ಲಿ, ಬುಡದ ಉಬ್ಬಿನ ಬಳಿ, ದರ್ಜಿ ಗುಂಡಿಗೆ ತೂತು ಮಾಡಿದಂಥ ಗುಂಡನೆಯ ರಂಧ್ರವಿತ್ತು. ಅದರಲ್ಲಿ ದಾರ ಪೋಣಿಸಿ ಸರ ಮಾಡಬಹುದು ಎಂದು ಅವಳು ಸಂತೋಷಪಟ್ಟಳು. ಶಿಬಿರದವರು ಅವಳಿಗೆ ಭೂತಗನ್ನಡಿ ಕೊಟ್ಟು ಅಂಚನ್ನು ನೋಡಲು ಹೇಳಿದರು. ರಂಧ್ರದ ಹೊರಬಾಯಿ ಅಗಲ, ಒಳಬಾಯಿ ಕಿರಿದು. ಮರಳಿನೊಳಗೆ ಸಾಗುವ ಒಂದು ಜಾತಿಯ ಬಸವನಹುಳು ಚಿಪ್ಪನ್ನು ತಬ್ಬಿ ಹಿಡಿದು, ಗರಗಸದಂಥ ನಾಲಿಗೆಯಿಂದ ನಿಧಾನವಾಗಿ ಕೊರೆದು, ಒಳಗಿನ ಮಾಂಸವನ್ನು ತಿಂದ ಗುರುತು ಅದು. ಮಗಳು ಸರದ ಯೋಚನೆ ಬಿಟ್ಟು ಆ ರಂಧ್ರವನ್ನು ದೊಡ್ಡದಾಗಿ, ಒಳಗಿನ ಇಳಿಜಾರಿಗೆ ನೆರಳು ಹಾಕಿ ಬಿಡಿಸಿದಳು. ನೆರಳು ಹಾಕುವುದನ್ನು ನಾನು ಅವಳಿಗೆ ಮನೆಯಲ್ಲಿ ಎಷ್ಟೋ ಸಲ ಹೇಳಿಕೊಟ್ಟಿದ್ದೆ. ನೆರಳು ಯಾಕೆ ಬೇಕು ಎಂಬುದು ಅಂದು ಅವಳಿಗೆ ತಾನಾಗಿ ಹೊಳೆಯಿತು.

ಕತ್ತಲಾಗುವ ಮುಂಚೆ ಮನೆಗೆ ಮರಳಿ, ಬಕೆಟ್ಟಿನಲ್ಲಿದ್ದ ಜೀವಂತ ಏಡಿಯೊಂದನ್ನು ಎದುರಿಗಿಟ್ಟುಕೊಂಡು ಮತ್ತೆ ಬಿಡಿಸಿದೆವು. ಆಮೇಲೆ ತಗಡಿನ ಪೆಟ್ಟಿಗೆ ತೆರೆಯಿತು. ಮಧ್ಯಾಹ್ನದ ಹದಿನಾಲ್ಕು ಹಾಳೆಗಳಲ್ಲಿ, ನನ್ನದೂ ಸೇರಿ, ಹತ್ತರಲ್ಲಿ ಕಾಲಿನ ಲೆಕ್ಕ ತಪ್ಪಿತ್ತು. ಚಿಮಟಿಯ ಎರಡು ಮತ್ತು ನಡೆಯುವ ಎಂಟು, ಒಟ್ಟು ಹತ್ತು. ಬಹುತೇಕರು ಎಲ್ಲ ಕಾಲುಗಳನ್ನೂ ಒಂದೇ ಬಗೆಯಾಗಿ ಬರೆದಿದ್ದರು. ಈಜುವ ಏಡಿಯ ಕೊನೆಯ ಜೋಡಿ ಕಾಲು ದೋಣಿಯ ಹುಟ್ಟಿನಂತೆ ಚಪ್ಪಟೆಯಾಗಿರುತ್ತದೆ ಎಂಬುದು ಎದುರಿಗೆ ಕೂತು ಗೆರೆ ಎಳೆಯುವವರೆಗೆ ಯಾರಿಗೂ ಗೊತ್ತಿರಲಿಲ್ಲ. ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ನಡುವೆ ಇದ್ದದ್ದು ಮೂರೇ ಗಂಟೆಯ ಅಂತರ, ಆದರೆ ಎರಡನೆಯದರಲ್ಲಿ ಒಂದು ನಿಜವಾದ ಪ್ರಾಣಿಯಿತ್ತು. ಈ ಶಿಬಿರದ ಸಾರ ನನಗೆ ಕಂಡದ್ದು ಅಲ್ಲಿ. ಇಲ್ಲಿ ಚಿತ್ರ ಬಿಡಿಸುವುದೇ ಪಾಠ, ಏಕೆಂದರೆ ಎಣಿಸದೆ, ಅಳೆಯದೆ, ಕೀಲು ಎಲ್ಲಿ ಮಡಿಯುತ್ತದೆ ಎಂದು ನೋಡದೆ ಕೈ ಮುಂದೆ ಹೋಗುವುದಿಲ್ಲ. ಬಾಯಿಪಾಠ ಮಾಡಿದ್ದು ಮರೆತುಹೋಗಬಹುದು, ಗೆರೆಯಲ್ಲಿ ಎಳೆದದ್ದು ಬೇಗ ಮರೆಯುವುದಿಲ್ಲ.

ಭಾನುವಾರ ಬೆಳಗಿನ ಜಾವ ಐದೂವರೆಗೆ ಬೈತಖೋಲದ ಬಂಡೆಗಳ ಬಳಿ ಸೇರಿದೆವು. ಅಂದಿನ ಗುರು ಬೇರೆಯವರು: ಐವತ್ತೈದು ದಾಟಿದ, ನಲವತ್ತು ವರ್ಷ ಮೀನು ಮಾರಿದ, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಒಬ್ಬ ಹೆಂಗಸು. ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು, ನಾನೂ ಹಾಗೆಯೇ ಕರೆದೆ. ಅವರಿಗೆ ಗೌರವಧನ ಕೊಡಲಾಗುತ್ತದೆ, ಮತ್ತು ಅವರು ಮಾತನಾಡುವಾಗ ಶಿಬಿರದ ದಂಪತಿಗಳಿಬ್ಬರೂ ಹಿಂದೆ ನಿಂತು ಕೇಳುತ್ತಾರೆ. ಬಂಡೆಗಳ ಕಡೆ ಕೈತೋರಿಸಿ ಅಕ್ಕ ಮೊದಲು ಹೇಳಿದ್ದು ನೀರಿನ ಲೆಕ್ಕವನ್ನು: "ಹುಣ್ಣಿಮೆ ಅಮಾಸೆಗೆ ಬೆಳಿಗ್ಗೆ ಸಂಜೆ ನೀರು ದೂರ ಹೋಗ್ತದೆ. ಅಷ್ಟಮಿಗೆ ಬಂದ್ರೆ ನಿಮಗೆ ಏನೂ ಕಾಣೂದಿಲ್ಲ." ದಿನಕ್ಕೆ ಸುಮಾರು ಐವತ್ತು ನಿಮಿಷ ಇಳಿತದ ವೇಳೆ ಮುಂದಕ್ಕೆ ಹೋಗುತ್ತದೆ ಎಂದು ನಾವು ಪುಸ್ತಕದಲ್ಲಿ ಓದುವುದನ್ನು ಅವರು ತಿಥಿಯ ಮೇಲೆ ಬೆರಳು ಮಡಿಸಿ ಹೇಳಿದರು. ಶಿಬಿರದ ದಿನಾಂಕಗಳೆಲ್ಲ ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿಗೇ ಬರುವುದು ಇದೇ ಕಾರಣಕ್ಕೆ.

ಬೆಳಕು ಮೂಡುತ್ತಿದ್ದಂತೆ ಬಂಡೆಯ ಮೇಲೆ ಪಟ್ಟೆಪಟ್ಟೆಯಾಗಿ ಜೀವಗಳು ಕಾಣತೊಡಗಿದವು. ಎಲ್ಲಕ್ಕಿಂತ ಮೇಲೆ ಸಣ್ಣ ಬಸವನಹುಳುಗಳು, ಅವುಗಳ ಕೆಳಗೆ ಬಂಡೆಗೆ ಸುಣ್ಣದ ಗುಬುಟಿನಂತೆ ಅಂಟಿಕೊಂಡ ಬಾರ್ನಕಲ್‌ಗಳು, ಇನ್ನೂ ಕೆಳಗೆ ಕಾಲ್ವಾ ಎಂಬ ಸಿಂಪಿಯ ಚಿಪ್ಪುಗಳು, ನೀರು ನಿಂತ ಗುಂಡಿಗಳಲ್ಲಿ ಮುಟ್ಟಿದರೆ ಮುದುಡುವ ಕಡಲಹೂಗಳು. ಎಷ್ಟು ಹೊತ್ತು ಬಿಸಿಲು ತಡೆಯಬಲ್ಲದೋ ಅಷ್ಟು ಎತ್ತರದಲ್ಲಿ ಒಂದೊಂದು ಜೀವ ನೆಲೆ ಹಿಡಿದಿತ್ತು. ಬಾರ್ನಕಲ್ ಚಿಪ್ಪುಹುಳುವಲ್ಲ, ಏಡಿ ಸಿಗಡಿಗಳ ಬಳಗದ್ದು, ಮರಿಯಾಗಿದ್ದಾಗ ತೇಲಿಬಂದು ತಲೆಯನ್ನು ಬಂಡೆಗೆ ಅಂಟಿಸಿಕೊಂಡು ಉಳಿದ ಆಯುಷ್ಯವೆಲ್ಲ ಕಾಲಿನಿಂದ ಅನ್ನ ಬಾಚಿ ತಿನ್ನುತ್ತದೆ ಎಂದು ಕೇಳಿ ನನ್ನ ಹೆಂಡತಿ ಬಹಳ ಹೊತ್ತು ಅದರ ಮುಂದೆಯೇ ಕೂತಳು. ಅಲೆ ಬಂದಾಗಲೆಲ್ಲ ಬಾಗಿಲು ತೆರೆದು, ಗರಿಯಂಥ ಕಾಲುಗಳು ಹೊರಬಂದು ನೀರನ್ನು ಬಾಚಿ ಒಳಸೇರುವುದನ್ನು ಅವಳು ಆರು ಸಣ್ಣ ಚಿತ್ರಗಳಲ್ಲಿ ಸಾಲಾಗಿ ಬರೆದಳು. ಚಿತ್ರ ಬಿಡಿಸಲು ಬರುವುದಿಲ್ಲ ಎಂದು ಹೇಳಿಕೊಂಡೇ ಬಂದವಳು ಅವಳು.

ಒಬ್ಬ ಹುಡುಗ ಕಲ್ಲಿನ ಸಂದಿಯಿಂದ ಏಡಿಯೊಂದನ್ನು ಹಿಡಿದು ತಂದಾಗ ಅಕ್ಕ ಅದನ್ನು ಹಿಂಬದಿಯಿಂದ ಹಿಡಿದು ಮಗುಚಿ ತೋರಿಸಿದರು. "ತಮಾ, ಹೊಟ್ಟೆ ನೋಡು. ಈ ಮುಚ್ಚಳ ಅಗಲ ಇದ್ರೆ ಹೆಣ್ಣು, ಚೂಪು ಇದ್ರೆ ಗಂಡು." ಅದು ಹೆಣ್ಣಾಗಿತ್ತು, ಮುಚ್ಚಳದಡಿಯಲ್ಲಿ ಕಿತ್ತಳೆ ಬಣ್ಣದ ಮೊಟ್ಟೆಗಳ ರಾಶಿಯಿತ್ತು. ಮೊಟ್ಟೆ ಹಳದಿ ಕಿತ್ತಳೆ ಇದ್ದರೆ ಹೊಸತು, ಕಪ್ಪಾಗುತ್ತ ಬಂದರೆ ಮರಿ ಹೊರಡುವ ಹೊತ್ತು ಹತ್ತಿರ ಎಂದು ಹೇಳಿ, ಅದನ್ನು ಇದ್ದ ಸಂದಿಯಲ್ಲೇ ಬಿಟ್ಟುಬರುವಂತೆ ಹುಡುಗನನ್ನು ಕಳಿಸಿದರು. ಮೊಟ್ಟೆಯ ಬಣ್ಣವನ್ನು ನೋಡಿದ ಕೂಡಲೇ ಹಾಳೆಯ ಮೇಲೆ ಹಚ್ಚಿಡಬೇಕೆಂದು ಶಿಬಿರ ನಡೆಸುವ ಚಿತ್ರಗಾರ ಎಲ್ಲರ ಕೈಗೂ ನೀರುಬಣ್ಣದ ಡಬ್ಬಿ ಕೊಟ್ಟರು. ಕಿತ್ತಳೆಯನ್ನು ಮೂವರು ಮೂರು ಬಗೆಯಾಗಿ ಬೆರೆಸಿದ್ದರು, ಯಾವುದು ಸರಿ ಎಂದು ಅಕ್ಕನನ್ನೇ ಕೇಳಿದೆವು.

ಶಿಬಿರದವರು ಕೊಡುವ ಟಿಪ್ಪಣಿ ಪುಸ್ತಕದಲ್ಲಿ ಪ್ರತಿ ಪುಟಕ್ಕೂ ಚಿತ್ರಕ್ಕೆ ಜಾಗ, ಅದರ ಕೆಳಗೆ ಮೂರು ಕಾಲಂಗಳಿವೆ. ಒಂದರಲ್ಲಿ ಕಂಡ ಸ್ಥಳ ಮತ್ತು ವೇಳೆ, ಇನ್ನೊಂದರಲ್ಲಿ ಶಾಸ್ತ್ರೀಯ ಹೆಸರು. ಮೂರನೆಯದು ಖಾಲಿ, ಅದನ್ನು ದಂಡೆಯವರ ಬಾಯಿಂದ ಕೇಳಿಯೇ ತುಂಬಬೇಕು. ಕುರ್ಲಿ, ಸುಂಗಟ, ಶೆಟ್ಲಿ, ಲೆಪೊ, ತಾರ್ಲೆ: ನನ್ನ ಮಗಳ ಪುಸ್ತಕದಲ್ಲಿ ಎರಡು ದಿನಕ್ಕೆ ಇಪ್ಪತ್ಮೂರು ಹೆಸರುಗಳಾದವು. ಕೊಂಕಣಿಯವೂ ಕನ್ನಡದವೂ ಬೆರೆತಿವೆ, ಕಾರವಾರದ ಮಾತೇ ಹಾಗೆ. ದಂಡೆಯಿಂದ ಏನನ್ನೂ ಮನೆಗೆ ಒಯ್ಯುವಂತಿಲ್ಲ ಎಂಬ ಕಟ್ಟುನಿಟ್ಟಾದ ನಿಯಮಕ್ಕೆ ಅವರು ಕಾನೂನಿನ ಕಾರಣವನ್ನೂ ಹೇಳಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ 2001ರಲ್ಲಿ ಕಡಲಕುದುರೆ, ಹವಳ, ಕಡಲಸೌತೆಗಳ ಜೊತೆಗೆ ಹಲವು ಜಾತಿಯ ಶಂಖ ಚಿಪ್ಪುಗಳೂ ಸೇರಿವೆ. ಖಾಲಿ ಚಿಪ್ಪು ಯಾರಿಗೂ ಬೇಡವಾದ ವಸ್ತುವಲ್ಲ, ಮೆತ್ತನೆಯ ಹೊಟ್ಟೆಯ ಸನ್ಯಾಸಿ ಏಡಿಗೆ ಅದೇ ಮನೆ ಎಂಬುದನ್ನು ಅಲ್ಲೇ ಗುಂಡಿಯೊಂದರಲ್ಲಿ ತೋರಿಸಿದರು.

ಬಂಡೆಯಿಂದ ಮರಳಿ, ಇಡ್ಲಿ ಚಹಾ ಮುಗಿಸಿ, ಮೀನಿನ ಅಚ್ಚಿಗೆ ಕುಳಿತೆವು. ಇದು ಜಪಾನಿನ ಮೀನುಗಾರರು ತಾವು ಹಿಡಿದ ಮೀನಿನ ಗಾತ್ರವನ್ನು ದಾಖಲಿಸಲು ಹತ್ತೊಂಬತ್ತನೆಯ ಶತಮಾನದಿಂದ ಬಳಸಿದ ವಿಧಾನ, ಅವರು ಇದನ್ನು ಗ್ಯೋತಾಕು ಎನ್ನುತ್ತಾರೆ. ಮೊದಲು ಬಂಗಡೆಯನ್ನು ಉಪ್ಪು ಹಚ್ಚಿ ತೊಳೆದು ಲೋಳೆ ತೆಗೆಯಬೇಕು, ಬಟ್ಟೆಯಿಂದ ಒತ್ತಿ ಒಣಗಿಸಬೇಕು, ರೆಕ್ಕೆಗಳನ್ನು ಬಿಡಿಸಿ ಥರ್ಮಾಕೋಲಿನ ಮೇಲೆ ಗುಂಡುಸೂಜಿಯಿಂದ ಹಿಡಿಸಬೇಕು. ಆಮೇಲೆ ತಲೆಯಿಂದ ಬಾಲದ ಕಡೆಗೆ ತೆಳ್ಳಗೆ ಮಸಿ ಬಳಿದು, ತುಸು ಒದ್ದೆಯಾದ ಕೈಕಾಗದವನ್ನು ಮೇಲೆ ಹಾಸಿ, ಬೆರಳ ತುದಿಯಿಂದ ಒತ್ತುತ್ತ ಹೋಗಬೇಕು. ಕಾಗದ ಎತ್ತಿದಾಗ ಹುರುಪೆ ಹುರುಪೆಯೂ ಮೂಡಿರುತ್ತದೆ. ಕಣ್ಣು ಮಾತ್ರ ಮೂಡುವುದಿಲ್ಲ, ಅದನ್ನು ಕುಂಚದಿಂದ ಕೊನೆಗೆ ಬರೆಯಬೇಕು. ನಮ್ಮಲ್ಲಿ ಮೂರ್ತಿ ಮಾಡುವವರು ಕಣ್ಣನ್ನು ಕೊನೆಗೆ ತೆರೆಯುವ ಸಂಪ್ರದಾಯ ನೆನಪಾಗಿ, ಆ ಒಂದು ಚುಕ್ಕೆ ಇಡುವಾಗ ನಾನು ಉಸಿರು ಬಿಗಿಹಿಡಿದಿದ್ದೆ. ಅಚ್ಚು ಹಾಕುವ ಮುಂಚೆ ಮೀನಿನ ಬಾಯಿ ತೆರೆದು ನೋಡಲು ಹೇಳಿದರು. ಬಂಗಡೆಯ ಕಿವಿರಿನ ಒಳಗೆ ಹಕ್ಕಿಯ ಗರಿಯಂಥ ಉದ್ದನೆಯ ಎಳೆಗಳಿವೆ, ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು ಸೋಸುವ ಜರಡಿ ಅದು. ಊರೆಲ್ಲ ತಿನ್ನುವ ಮೀನಿನ ಬಾಯಲ್ಲಿ ಇಂಥದ್ದೊಂದು ಇದೆ ಎಂದು ತಿನ್ನುವವರಲ್ಲೇ ಹಲವರಿಗೆ ಗೊತ್ತಿರಲಿಲ್ಲ.

ನಮ್ಮದು ಸಸ್ಯಾಹಾರಿ ಮನೆ. ಈ ಕಾರಣಕ್ಕೆ ಹಿಂಜರಿಯುವ ಓದುಗರು ಇರಬಹುದು, ಹಾಗಾಗಿ ಹೇಳುತ್ತೇನೆ. ಮೀನು ಮುಟ್ಟಲು ಒಪ್ಪದವರಿಗೆ ದಡಕ್ಕೆ ಬಿದ್ದ ಕಡಲಪಾಚಿ ಮತ್ತು ಕಾಂಡ್ಲಾ (ಮ್ಯಾಂಗ್ರೋವ್) ಮರದ ಎಲೆಗಳ ಅಚ್ಚು ತೆಗೆಯುವ ವ್ಯವಸ್ಥೆಯಿತ್ತು, ಊಟದ ಪಂಕ್ತಿಯೂ ಬೇರೆಯಿತ್ತು, ಯಾರೂ ಯಾರನ್ನೂ ಒತ್ತಾಯಿಸಲಿಲ್ಲ. ನನ್ನ ಹೆಂಡತಿ ಎಲೆಯ ಅಚ್ಚನ್ನೇ ಆರಿಸಿಕೊಂಡಳು. ಮಗಳು ಮೀನನ್ನು ಕೈಯಲ್ಲಿ ಹಿಡಿದಳು, ಸಂಜೆಯವರೆಗೂ ಕೈ ಮೂಸಿ ನೋಡಿಕೊಂಡಳು.

ಬಿಸಿಲು ಏರಿದ ಮೇಲೆ ಕಡಲಪಾಚಿಯ ನೀಲಿ ಅಚ್ಚು. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ, ಮರುವರ್ಷವೇ ಇಂಗ್ಲೆಂಡಿನ ಆನಾ ಅಟ್ಕಿನ್ಸ್ ಎಂಬಾಕೆ ಕಡಲಪಾಚಿಗಳನ್ನು ದಾಖಲಿಸಲು ಬಳಸಿದ ವಿಧಾನ ಇದು. ಕಬ್ಬಿಣದ ಎರಡು ಲವಣಗಳನ್ನು ಬಳಿದ ಕಾಗದದ ಮೇಲೆ ಪಾಚಿಯನ್ನು ಹರಡಿ ಬಿಸಿಲಿಗಿಟ್ಟು, ಹತ್ತು ನಿಮಿಷದ ಮೇಲೆ ನೀರಿನಲ್ಲಿ ತೊಳೆದರೆ ಬಿಸಿಲು ಬಿದ್ದಲ್ಲೆಲ್ಲ ಕಡುನೀಲಿ, ಪಾಚಿ ಇದ್ದಲ್ಲಿ ಬಿಳಿ. ಎಂಜಿನಿಯರುಗಳ ಬ್ಲೂಪ್ರಿಂಟಿನ ನೀಲಿ ಇದೇ. ಸೊಗಸಾಗಿತ್ತು, ಆದರೆ ಇಡೀ ಎರಡು ದಿನದಲ್ಲಿ ನೋಡುವ ಕೆಲಸ ಕಡಿಮೆಯಾದದ್ದು ಇಲ್ಲಿಯೇ. ಬಿಸಿಲು ಎಲ್ಲವನ್ನೂ ಮಾಡಿಬಿಡುತ್ತದೆ, ಕೈಗೆ ಕೆಲಸವಿಲ್ಲ.

ಊಟದ ನಂತರದ ಕಾವಿ ಕಲೆಯ ಪಾಠಕ್ಕಾಗಿಯೇ ನಾನು ಇನ್ನೊಮ್ಮೆ ಹೋಗಲು ಸಿದ್ಧ. ಗೋವೆಯಿಂದ ಉತ್ತರ ಕನ್ನಡದವರೆಗಿನ ಹಳೆಯ ದೇವಸ್ಥಾನಗಳ ಗೋಡೆಗಳ ಮೇಲೆ ಬಿಳಿ ಕೆಂಪು ಎರಡೇ ಬಣ್ಣದ ಚಿತ್ರಗಳನ್ನು ನೋಡಿದವರಿದ್ದೀರಿ, ಶಿರಸಿಯ ಮಾರಿಕಾಂಬಾ ಗುಡಿಯ ಗೋಡೆಗಳು ಅದಕ್ಕೆ ಪ್ರಸಿದ್ಧ. ಆ ಬಿಳಿ ಬಣ್ಣ ಬಂದದ್ದು ಈ ಕೊಲ್ಲಿಗಳಿಂದ. ಚಿಪ್ಪುಗಳನ್ನು ಸುಟ್ಟು ಸುಣ್ಣ ಮಾಡಿ, ಸೋಸಿದ ಮರಳು ಮತ್ತು ಬೆಲ್ಲದ ನೀರು ಬೆರೆಸಿ, ದಿನಗಟ್ಟಲೆ ಕೊಳೆಹಾಕಿ ಕುಟ್ಟಿ ಗಾರೆ ಮಾಡುತ್ತಿದ್ದರು. ಅದರ ಮೇಲೆ ಕಾವಿ ಮಣ್ಣಿನ ತೆಳುಪದರ ಬಳಿದು, ಒಣಗುವ ಮುನ್ನ ಚೂಪು ಮೊಳೆಯಿಂದ ಕೆರೆದರೆ ಅಡಿಯ ಬಿಳಿ ಗೆರೆಯಾಗಿ ಮೇಲೆ ಬರುತ್ತದೆ. ಚಿಪ್ಪಿನ ದ್ರವ್ಯ ಬೆಂಕಿಯಲ್ಲಿ ಬೆಂದಾಗ ಗಾಳಿಯಾಗಿ ಹೊರಟುಹೋದ ಅಂಗಾರಾಮ್ಲವನ್ನು (ಕಾರ್ಬನ್ ಡೈಆಕ್ಸೈಡನ್ನು) ಸುಣ್ಣದ ಗಾರೆ ಒಣಗುತ್ತ ಮತ್ತೆ ಗಾಳಿಯಿಂದಲೇ ಹೀರಿಕೊಂಡು ಗಟ್ಟಿಯಾಗುತ್ತದೆ, ಅಂದರೆ ಗೋಡೆ ನಿಧಾನವಾಗಿ ಮರಳಿ ಚಿಪ್ಪಾಗುತ್ತದೆ ಎಂದು ಶಿಬಿರ ನಡೆಸುವಾಕೆ ಬಿಡಿಸಿ ಹೇಳಿದಾಗ ನಮ್ಮಲ್ಲಿ ಯಾರೂ ಮಾತನಾಡಲಿಲ್ಲ. ರಸಾಯನಶಾಸ್ತ್ರ, ಗುಡಿ, ಸಮುದ್ರ ಮೂರೂ ಒಂದು ಅಂಗೈ ಅಗಲದ ಗಾರೆಯ ಹಲಗೆಯ ಮೇಲೆ ಕೂಡಿದ್ದವು. ಇಲ್ಲಿ ಬಳಸುವ ಸುಣ್ಣಕ್ಕೆ ಊಟ ಮುಗಿದ ಮನೆಗಳಿಂದ ತಂದ ಚಿಪ್ಪುಗಳನ್ನಷ್ಟೇ ಸುಡುತ್ತಾರೆ, ಅಳಿವೆಯಿಂದ ಬಗೆದು ತಂದದ್ದನ್ನು ಮುಟ್ಟುವುದಿಲ್ಲ. ನನ್ನ ಹಲಗೆಯ ಮೇಲೆ ನಾನು ಹಿಂದಿನ ಸಂಜೆಯ ಮರಳಿನ ಏಡಿಯ ಸಾಲುಗಳನ್ನು ಕೆರೆದೆ.

ಇಷ್ಟು ಹೊಗಳಿದ ಮೇಲೆ ಕೊರತೆಗಳನ್ನು ಮುಚ್ಚಿಡುವುದು ಸರಿಯಲ್ಲ. ಕಾವಿ ಕಲೆಗೆ ಕೊಟ್ಟದ್ದು ಬರೀ ಒಂದೂವರೆ ಗಂಟೆ. ಗಾರೆ ಮೊದಲೇ ತಯಾರಾಗಿದ್ದರಿಂದ ಅದನ್ನು ಕಲಸುವ ಹದ ನಮಗೆ ಕೈಗೆ ಬರಲಿಲ್ಲ. ನೀಲಿ ಅಚ್ಚನ್ನು ಬಿಟ್ಟು ಆ ಹೊತ್ತನ್ನು ಇದಕ್ಕೆ ಕೊಡಬಹುದಿತ್ತು. ಸುಣ್ಣ ಚರ್ಮವನ್ನು ಸುಡುವ ವಸ್ತು, ಕೊಟ್ಟ ಕೈಗವಸುಗಳು ದೊಡ್ಡವರ ಅಳತೆಯವು, ಮಕ್ಕಳ ಕೈಯಿಂದ ಜಾರಿ ಬೀಳುತ್ತಿದ್ದವು. ಇನ್ನೂ ಗಂಭೀರವಾದದ್ದು ಬಂಡೆಯ ಮೇಲೆ ನಡೆಯಿತು. ನಮ್ಮೊಡನಿದ್ದ ಹಿರಿಯರೊಬ್ಬರು ಪಾಚಿಯ ಮೇಲೆ ಜಾರಿ, ಕಾಲ್ವಾದ ಅಂಚು ತಾಗಿ ಪಾದ ಸೀಳಿತು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಮನೆಯಲ್ಲಿತ್ತು, ಅದನ್ನು ತರಲು ಇಪ್ಪತ್ತು ನಿಮಿಷ ಹಿಡಿಯಿತು. ಅಕ್ಕ ತಮ್ಮ ಸೆರಗಿನ ಅಂಚು ಹರಿದು ಕಟ್ಟಿದ್ದರಿಂದ ರಕ್ತ ನಿಂತಿತು. ಕತ್ತಲಲ್ಲಿ ಒದ್ದೆ ಬಂಡೆಗೆ ಜನರನ್ನು ಕರೆದೊಯ್ಯುವವರು ಆ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡೇ ಹೊರಡಬೇಕು, ಹಿಡಿತವಿರುವ ಚಪ್ಪಲಿ ಇಲ್ಲದವರನ್ನು ಇಳಿಯಗೊಡಬಾರದು. ಇದನ್ನು ಅವರಿಗೆ ನೇರವಾಗಿ ಹೇಳಿದೆ, ಒಪ್ಪಿಕೊಂಡರು.

ಟಿಪ್ಪಣಿ ಪುಸ್ತಕದ ಮೂರನೆಯ ಕಾಲಂ ಬಗ್ಗೆಯೂ ಒಂದು ಮಾತಿದೆ. ಕಿವಿಗೆ ಕೇಳಿಸಿದಂತೆ ಬರೆದುಕೊಂಡದ್ದರಿಂದ ಒಂದೇ ಹುಳುವಿಗೆ ನನ್ನ ಪುಸ್ತಕದಲ್ಲಿ ಒಂದು ಹೆಸರು, ಮಗಳ ಪುಸ್ತಕದಲ್ಲಿ ಇನ್ನೊಂದು ಉಳಿದಿದೆ. ಕೊನೆಯಲ್ಲಿ ಅರ್ಧ ಗಂಟೆ ಎಲ್ಲರೂ ಸೇರಿ, ಅಕ್ಕನ ಎದುರಿಗೇ, ಹೆಸರುಗಳನ್ನು ತಾಳೆ ನೋಡಿದ್ದರೆ ಆ ಪುಸ್ತಕ ಮುಂದಿನವರಿಗೂ ನೆಚ್ಚಿಕೊಳ್ಳುವಂಥ ದಾಖಲೆಯಾಗುತ್ತಿತ್ತು. ಶಾಸ್ತ್ರೀಯ ಹೆಸರುಗಳು ಬರೀ ಇಂಗ್ಲಿಷ್ ಅಕ್ಷರದಲ್ಲಿದ್ದು, ಪಕ್ಕದಲ್ಲಿ ಕನ್ನಡ ಅಕ್ಷರದಲ್ಲಿ ಉಚ್ಚಾರ ಇಲ್ಲದಿರುವುದು ಸರಕಾರಿ ಶಾಲೆಯ ಮಕ್ಕಳಿಗೆ ತೊಡಕೇ ಸರಿ.

ಭಾನುವಾರ ಸಂಜೆ ನಾಲ್ಕಕ್ಕೆ ಚಿತ್ರಗಳ ಪ್ರದರ್ಶನ. ಅದಕ್ಕೆ ಅವರು ಆರಿಸಿಕೊಂಡದ್ದು ಮೀನು ಮಾರುವ ಜಾಗದ ಹೊರಗೋಡೆಯನ್ನು. ಎರಡು ಮೊಳೆಗಳ ನಡುವೆ ಹಗ್ಗ ಕಟ್ಟಿ, ಬಟ್ಟೆ ಒಣಹಾಕುವ ಚಿವುಟಿಗಳಿಂದ ಹಾಳೆಗಳನ್ನು ಸಿಕ್ಕಿಸಿದರು. ಬುಟ್ಟಿ ಖಾಲಿ ಮಾಡಿ ಕೂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬಂದರು. ನಮ್ಮ ಗುಂಪಿನ ಒಬ್ಬ ತರುಣ ಅಚ್ಚು ಹಾಕದೆ ಕೈಯಿಂದಲೇ ಬಿಡಿಸಿದ ಬಂಗಡೆ ಬಲು ಚಂದವಾಗಿತ್ತು, ಬೆನ್ನಿನ ಹಸಿರುನೀಲಿ ಹೊಳಪು ನಿಜಕ್ಕೂ ಮೂಡಿತ್ತು. ಒಬ್ಬಾಕೆ ಅದರ ಮುಂದೆ ನಿಂತು ತಲೆಯಾಡಿಸಿದರು. "ಇದು ಬಂಗಡೆ ಅಲ್ಲ. ಬಾಲದ ಹತ್ರ ಸಣ್ಣ ಸಣ್ಣ ರೆಕ್ಕೆ ಎಲ್ಲಿ?" ಬಂಗಡೆಯ ಬೆನ್ನಿನ ರೆಕ್ಕೆಯ ಹಿಂದೆ ಮೇಲೆ ಐದು, ಕೆಳಗೆ ಐದು ಕಿರುರೆಕ್ಕೆಗಳಿರುತ್ತವೆ. ಪಕ್ಕದಲ್ಲೇ ತೂಗುತ್ತಿದ್ದ ನನ್ನ ಮಗಳ ಅಚ್ಚಿನಲ್ಲಿ ಅವು ತಾವಾಗಿಯೇ ಮೂಡಿದ್ದವು, ಆಕೆ ಬೆರಳಿಟ್ಟು ಎಣಿಸಿ ತೋರಿಸಿದರು. ತರುಣ ಅಲ್ಲೇ ಪೆನ್ಸಿಲ್ ತೆಗೆದು ಹತ್ತೂ ಕಿರುರೆಕ್ಕೆಗಳನ್ನು ಸೇರಿಸಿದ.

ಇನ್ನೊಬ್ಬ ವೃದ್ಧರು ಬಲೆಯ ಚಿತ್ರವಿದ್ದ ಹಾಳೆಯ ಮುಂದೆ ನಿಂತು, ರಂಪಣಿ ಎಂಬ ಉದ್ದನೆಯ ಬಲೆ ಎಳೆಯಲು ಊರಿಗೆ ಊರೇ ದಂಡೆಗೆ ಬರುತ್ತಿದ್ದ ಕಾಲವನ್ನು ನಮ್ಮ ಮಕ್ಕಳಿಗೆ ವಿವರಿಸಿದರು. 1970ರ ದಶಕದಲ್ಲಿ ಮೀನಿನ ಗುಂಪನ್ನು ಕಡಲಲ್ಲೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ದೋಣಿಗಳು ಬಂದ ಮೇಲೆ ದಡಕ್ಕೆ ಬರುವ ಮೀನು ಕಡಿಮೆಯಾಗಿ ರಂಪಣಿ ಮೂಲೆ ಸೇರಿದ ಕತೆಯನ್ನು ಅವರು ಯಾವ ರೋಷವೂ ಇಲ್ಲದೆ ಹೇಳಿದರು. 2020ರ ಜನವರಿಯಲ್ಲಿ ಬಂದರು ವಿಸ್ತರಣೆಯನ್ನು ವಿರೋಧಿಸಿ ಇಲ್ಲಿನ ಮೀನುಗಾರರು ಟ್ಯಾಗೋರ್ ಕಡಲತೀರದಲ್ಲಿ ನಿಂತದ್ದನ್ನು ಪತ್ರಿಕೆಯಲ್ಲಿ ಓದಿದ್ದ ನನಗೆ, ದಂಡೆ ಎಂದರೆ ಇವರಿಗೆ ಏನು ಎಂಬುದು ಆ ಗೋಡೆಯ ಮುಂದೆ ಹೆಚ್ಚು ಅರ್ಥವಾಯಿತು. ಈ ಪ್ರದರ್ಶನ ನಗರದ ಯಾವುದಾದರೂ ಸಭಾಂಗಣದಲ್ಲಿ ನಡೆದಿದ್ದರೆ ಆ ತರುಣನ ಬಂಗಡೆಗೆ ಚಪ್ಪಾಳೆ ಸಿಗುತ್ತಿತ್ತು, ಕಿರುರೆಕ್ಕೆಗಳು ಸಿಗುತ್ತಿರಲಿಲ್ಲ.

ಹೋಗಬಯಸುವವರಿಗೆ ಇನ್ನೆರಡು ವಿಷಯ. ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲೆಯ ಮೇಲೆ ಕಾರಿನಲ್ಲಿ ನಮಗೆ ನಾಲ್ಕು ಗಂಟೆ ಹಿಡಿಯಿತು. ಭಾನುವಾರ ಐದೂವರೆಗೆ ಬಂಡೆಯ ಬಳಿ ಇರಬೇಕಾದ್ದರಿಂದ ಶನಿವಾರ ರಾತ್ರಿ ಕಾರವಾರದಲ್ಲೇ ಉಳಿಯುವುದು ಅನಿವಾರ್ಯ. ಮಳೆಗಾಲದಲ್ಲಿ ಬಂಡೆಗಳ ಮೇಲೆ ಕಾಲಿಡಲು ಬರುವುದಿಲ್ಲ, ಯಾಂತ್ರಿಕ ದೋಣಿಗಳಿಗೂ ಜೂನ್ 1ರಿಂದ ಜುಲೈ 31ರವರೆಗೆ ರಜೆ, ಹಾಗಾಗಿ ಶಿಬಿರವೂ ಜೂನಿನಿಂದ ಸೆಪ್ಟೆಂಬರ್‌ವರೆಗೆ ಇರುವುದಿಲ್ಲ. ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಹನ್ನೆರಡು ಮಕ್ಕಳನ್ನು ಕರೆತರಲು ಮುಂದಿನ ತಿಂಗಳ ಹುಣ್ಣಿಮೆಗೆ ಜಾಗ ಕೇಳಿ ಬಂದಿದ್ದೇನೆ. ಮಕ್ಕಳ ಅಳತೆಯ ಕೈಗವಸುಗಳನ್ನು ಹುಬ್ಬಳ್ಳಿಯಿಂದ ನಾನೇ ತರುತ್ತೇನೆ ಎಂದು ಅವರಿಗೆ ಹೇಳಿದ್ದೇನೆ.